ಒಂದೇ ಮಾಸಿನ ಇಬ್ಬರು

ನಾನೂ ನನ್ನ ತಂಗಿಯೂ ಅವಳಿಗಳು. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರಿಂದ ಕಾರ್ಖಾನೆಯ ಆಸ್ಪತ್ರೆಯಲ್ಲೇ ಹುಟ್ಟಿದೆವು. ನಾನು ದುಂಡಗಿದ್ದೆನಂತೆ, ಅವಳು ಅಂಗೈಯಲ್ಲಿ ಹಿಡಿಯುವಷ್ಟು. ದೊಡ್ಡನೆಕ್ಕುಂದಿಯ ಮನೆಯಲ್ಲಿ ಅಮ್ಮ ಹಟ ತೊಟ್ಟು ಅವಳನ್ನು ಉಳಿಸಿಕೊಂಡಳು. ನನ್ನ ತಟ್ಟೆಗೆ ತುಪ್ಪ ತೋರಿಸಿದರೆ ಅವಳ ತಟ್ಟೆಗೆ ಸುರಿಯುತ್ತಿದ್ದಳು. ಶಾಲೆಗೆ ಸೇರುವ ಹೊತ್ತಿಗೆ ನಮ್ಮಿಬ್ಬರಲ್ಲಿ ಯಾರು ಯಾರೆಂದು ಟೀಚರಿಗೇ ತಿಳಿಯುತ್ತಿರಲಿಲ್ಲ. ಅದು ಅಮ್ಮನ ಜೀವಮಾನದ ಹೆಮ್ಮೆ.

ಮದುವೆಯಾದ ಮೇಲೆ ನಾನು ದಪ್ಪಗಾದೆ. ತಂಗಿ ದಿನಾ ನಡೆಯುತ್ತಿದ್ದಳು, ಸಿಹಿ ಮುಟ್ಟುತ್ತಿರಲಿಲ್ಲ. ಆದರೂ ಬಿಪಿ ಬಂದದ್ದು ಅವಳಿಗೆ. ವೈಟ್‌ಫೀಲ್ಡಿನ ಒಂದು ಕಂಪನಿಯ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದಳಲ್ಲ, ಎಲ್ಲರೂ ಟೆನ್ಷನ್ ಎಂದರು.

ಹೋದ ವರ್ಷ ಮಧ್ಯಾಹ್ನದ ಊಟ ಬಡಿಸುವ ಹೊತ್ತಿನಲ್ಲಿ ಅವಳಿಗೆ ಎದೆ ಹಿಡಿಯಿತು. ಇನ್ನೂ ವಯಸ್ಸು ನಲವತ್ತು ದಾಟಿರಲಿಲ್ಲ, ಆಳು ಬೇರೆ ಸಣ್ಣ.

“ಗ್ಯಾಸ್ಟ್ರಿಕ್ ಇರ್ಬೇಕು ಮೇಡಂ, ಸೋಡಾ ಕುಡೀರಿ,” ಎಂದು ಮ್ಯಾನೇಜರ್ ಕೂರಿಸಿದರಂತೆ. ಬೆವರು ನಿಲ್ಲದಿದ್ದಾಗ ಆಟೊ ಹತ್ತಿಸಿದರು. ರಿಂಗ್ ರಸ್ತೆಯ ಟ್ರಾಫಿಕ್ ದಾಟಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೃದಯದ ಒಂದು ಭಾಗ ಸತ್ತುಹೋಗಿತ್ತು. ಸ್ಟೆಂಟ್ ಹಾಕಿ ಜೀವ ಉಳಿಸಿದರು.

ಮೂರನೆಯ ದಿನ ಡಾಕ್ಟರಮ್ಮ ಹಾಸಿಗೆಯ ಪಕ್ಕ ನಿಂತು ಅಮ್ಮನನ್ನು ಕೇಳಿದರು: “ಅವಳಿ ಅಂದ್ರಲ್ಲ ಅಮ್ಮಾ, ಮಾಸು, ಅಂದ್ರೆ ಪ್ಲಾಸೆಂಟಾ, ಒಂದೇ ಇತ್ತಾ, ಎರಡಾ?”

“ಒಂದೇ. ನರ್ಸಮ್ಮ ತೋರ್ಸಿದ್ರು. ಇವಳ ಹೊಕ್ಕುಳ ಬಳ್ಳಿ ದಾರದಂಗೆ ಅಂಚಿಗೆ ಅಂಟ್ಕೊಂಡಿತ್ತು.”

“ಹಾಗಾದ್ರೆ ಹೊಟ್ಟೇಲಿದ್ದಾಗ ಇವರಿಗೆ ರಕ್ತ ಕಮ್ಮಿ ಸಿಕ್ಕಿರತ್ತೆ. ಆಗ ಮಗು ಮೊದಲು ಮಿದುಳನ್ನ ಕಾಪಾಡ್ಕೊಳ್ಳತ್ತೆ. ಹೃದಯ, ಕಿಡ್ನಿ, ರಕ್ತನಾಳ ಹಿಂದೆ ಬೀಳತ್ತೆ. ಅಂಥವರಿಗೆ ಮುಂದೆ ಬಿಪಿ, ಹಾರ್ಟ್ ತೊಂದರೆ ಬರೋ ಸಾಧ್ಯತೆ ಜಾಸ್ತಿ. ಅದೊಂದೇ ಕಾರಣ ಅಂತ ಹೇಳಕ್ಕಾಗಲ್ಲ.”

“ನಾನು ತುಪ್ಪ ತಿನ್ಸಿ ತಿನ್ಸಿ ಸರಿ ಮಾಡಿದ್ನಲ್ಲ ಮೇಡಂ?”

ಡಾಕ್ಟರು ಕೈಯಲ್ಲಿದ್ದ ಫೈಲು ಮುಚ್ಚಿದರು. “ಸಣ್ಣಗೆ ಹುಟ್ಟಿದ ಮಗು ತೀರಾ ಬೇಗ ಮೈ ತುಂಬ್ಕೊಳ್ಳೋದೂ ಹೃದಯಕ್ಕೆ ಅಷ್ಟು ಒಳ್ಳೇದಲ್ಲ ಅಂತಾರೆ. ಆಗ ಯಾರಿಗೆ ಗೊತ್ತಿತ್ತು, ಬಿಡಿ.”

ಅಮ್ಮ ಹೊರಗೆ ಹೋಗಿ ಕುರ್ಚಿಯ ಮೇಲೆ ಕೂತಳು. ಅಳಲಿಲ್ಲ. ನಾನು ತಂದ ಕಾಫಿ ಕೈಯಲ್ಲೇ ಆರಿತು. ತನ್ನ ಬದುಕಿನಲ್ಲಿ ಗೆದ್ದಿದ್ದ ಒಂದೇ ಒಂದು ಯುದ್ಧವನ್ನೂ ಯಾರೋ ಕಸಿದುಕೊಂಡಂತಿತ್ತು ಅವಳ ಮುಖ.

ಒಳಗೆ ತಂಗಿ ಸೂರು ನೋಡುತ್ತ ಮಲಗಿದ್ದಳು.

“ಇಷ್ಟು ವರ್ಷ ನಡೆದ್ನಲ್ಲೇ, ಬಾಯಿ ಕಟ್ಟಿದ್ನಲ್ಲೇ. ಯಾರಿಗೋಸ್ಕರ?” ಎಂದಳು. “ನೀನು ಹುಟ್ಟೋ ಮುಂಚೆನೇ ಹೊಟ್ಟೆ ತುಂಬ ಉಂಡ್ಕೊಂಡು ಬಂದ್ಬಿಟ್ಟೆ.”

ತಮಾಷೆಗೆ ಹೇಳಿದಳೇನೋ ಎಂದು ಕಾದೆ. ಅವಳು ನಗಲಿಲ್ಲ.

ಡಾಕ್ಟರ ಒತ್ತಾಯಕ್ಕೆ ನಾನೂ ಪರೀಕ್ಷೆ ಮಾಡಿಸಿಕೊಂಡೆ. ಇಷ್ಟು ದಪ್ಪಗಿದ್ದೂ ಯಾವ ದೋಷವೂ ಇರಲಿಲ್ಲ. ಹೇಳದೆ ಇರೋಣ ಎಂದುಕೊಂಡಿದ್ದೆ, ಅವಳೇ ಕೇಳಿದಳು. “ಒಳ್ಳೇದಾಯ್ತು ಬಿಡು,” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಈಗ ಅವಳು ಕೆಲಸ ಬಿಟ್ಟಿದ್ದಾಳೆ. ಒಂದು ಮಹಡಿ ಹತ್ತಿದರೂ ಏದುಸಿರು. ಅಮ್ಮ ಫೋನ್ ಮಾಡಿದರೆ ಎತ್ತುತ್ತಾಳೆ, ನಾನು ಮಾಡಿದರೆ ಇಲ್ಲ. ಈ ಸಲ ನಮ್ಮ ಹುಟ್ಟಿದ ದಿನ ಅವಳ ಮನೆಗೆ ಹೋದೆ. ಅವಳ ಗಂಡ ಬಾಗಿಲು ಅರ್ಧ ತೆರೆದು, “ಮಲಗಿದಾಳೆ ಅತ್ತಿಗೆ,” ಎಂದರು. ಒಳಗೆ ಅವಳು ಮಗಳನ್ನು ಕರೆದು ಟೀವಿ ಸದ್ದು ಕಮ್ಮಿ ಮಾಡು ಎನ್ನುತ್ತಿದ್ದುದು ಬಾಗಿಲಲ್ಲಿ ನಿಂತಿದ್ದ ನಮ್ಮಿಬ್ಬರಿಗೂ ಕೇಳಿಸಿತು.