ಗಜೇಂದ್ರಗಡದಲ್ಲಿ ಟೋಪಿ-ಕೋಲಿನ ಕುಣಿತ

ಮೊದಲ ದಿನ ಆ ಮನೆಯೊಳಗೆ ಕಾಲಿಟ್ಟಾಗ ನೆಲದಿಂದ ಅರ್ಧ ಮನುಷ್ಯ ನನಗೆ ಕೈಮುಗಿದ. ಸೊಂಟದಿಂದ ಮೇಲಷ್ಟೇ ಇದ್ದ. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಬೇರೇನೂ ಕಾಣಲಿಲ್ಲ. ಹಾಸಿಗೆಯ ಸುರುಳಿಯನ್ನು ಅಲ್ಲೇ ಕೈಬಿಟ್ಟು ಹೊಸ್ತಿಲಾಚೆ ಹಿಂದೆ ಸರಿದೆ. ಒಳಗಿನಿಂದ ಒಬ್ಬ ಹೆಂಗಸು ನಗುತ್ತ ಬಂದು, “ಅಂಜಬ್ಯಾಡ್ರಿ ಅಕ್ಕೋರ, ಒಳಗ ಬರ್ರಿ” ಅಂದಳು. ಕಣ್ಣು ಹೊಂದಿಕೊಂಡ ಮೇಲೆ ತಿಳಿಯಿತು: ನೆಲದಲ್ಲೊಂದು ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಕುಳಿತ ನೇಕಾರ, ಎದುರಿಗೆ ಮಗ್ಗ, ಮಗ್ಗದ ಮೇಲೆ ಅರ್ಧ ನೇಯ್ದ ಕೆಂಪಂಚಿನ ಸೀರೆ. ನನಗೆ ಕೋಣೆ ಬಾಡಿಗೆಗೆ ಕೊಟ್ಟ ಸಂಗಪ್ಪ ಆತನೇ. ಆಕೆ ಹೆಂಡತಿ ಗಂಗವ್ವ.

ನನಗಿಂತ ಇಪ್ಪತ್ತು ವರ್ಷ ದೊಡ್ಡವಳು ನನ್ನನ್ನು ಅಕ್ಕ ಅನ್ನುತ್ತಾಳಲ್ಲ ಎಂದು ಎರಡು ದಿನ ಮುಜುಗರಪಟ್ಟೆ. ಆಮೇಲೆ ತಿಳಿಯಿತು, ಇಲ್ಲಿ ಶಾಲೆಗೆ ಸಾಲಿ ಅನ್ನುತ್ತಾರೆ, ಅಲ್ಲಿ ಕಲಿಸುವ ನನ್ನಂಥ ಹೆಂಗಸರೆಲ್ಲರೂ ‘ಅಕ್ಕೋರು’. ಹೆಣ್ಣುಮಕ್ಕಳ ಸಾಲಿಯ ಮುಖ್ಯಸ್ಥೆ ‘ದೊಡ್ಡ ಅಕ್ಕೋರು’. ಮುಂಬಯಿಯ ಚಾಳಿನಲ್ಲಿ ಹುಟ್ಟಿ ಬೆಳೆದ ನನ್ನ ಕನ್ನಡ ಅಪ್ಪನ ಬಾಯಿಂದ ಮತ್ತು ಪುಸ್ತಕದಿಂದ ಬಂದದ್ದು. ನಾನು ‘ಹೇಗಿದ್ದೀರಿ’ ಅಂದರೆ ಮಕ್ಕಳು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ‘ಹ್ಯಾಂಗದೀರಿ’ ಅನ್ನಲು ನನಗೆ ಒಂದು ತಿಂಗಳು ಬೇಕಾಯಿತು. ರೊಟ್ಟಿ ಬಡಿಯಲು ಇನ್ನೂ ಬಂದಿಲ್ಲ.

ಊಟ, ನೀರು, ಬಿಸಿಲು ಇವಕ್ಕೆಲ್ಲ ಒಗ್ಗಿಕೊಂಡೆ. ಒಗ್ಗದೆ ಉಳಿದದ್ದು ರವಿವಾರ. ಅಪ್ಪ ಮುಂಬಯಿಯ ಫೋರ್ಟಿನ ಕಡೆ ಒಂದು ಇಂಗ್ಲಿಷ್ ಚಿತ್ರಮಂದಿರದಲ್ಲಿ ಯಂತ್ರ ನಡೆಸುವ ಕೆಲಸದಲ್ಲಿದ್ದಾರೆ. ಚಿಕ್ಕಂದಿನಿಂದ ರವಿವಾರದ ಮುಂಜಾನೆಯ ಆಟವನ್ನು ಅವರ ಬಿಸಿ ಕೋಣೆಯ ಕಿಂಡಿಯಿಂದ ನೋಡಿದವಳು ನಾನು. ಪರದೆಯ ಮೇಲೆ ಕಪ್ಪು ಕೋಟು, ಎತ್ತರದ ಟೋಪಿಯ ಆ ತೆಳ್ಳನೆಯ ನಟ ಕೋಲು ತಿರುಗಿಸುತ್ತ ಮೆಟ್ಟಿಲಿಳಿಯುವುದು, ಗೋಧಿಬಣ್ಣದ ಕೂದಲಿನವಳು ಆತನ ಜೊತೆ ನೆಲ ಮುಟ್ಟದವಳಂತೆ ಸುತ್ತುವುದು, ಇಬ್ಬರ ಬೂಟಿನ ತಳದ ಲೋಹ ಮಾತಾಡಿದಂತೆ ಟಕಟಕ ಅನ್ನುವುದು. ಇಂಗ್ಲಿಷು ಅರ್ಥವಾಗದ ವಯಸ್ಸಿನಲ್ಲೂ ಅದು ಅರ್ಥವಾಗುತ್ತಿತ್ತು. ಮನೆಗೆ ಬಂದು ಚಾಳಿನ ಹಲಗೆಯ ಮೆಟ್ಟಿಲ ಮೇಲೆ ಅದನ್ನೇ ಮಾಡಿ ಕೆಳಮನೆಯವರಿಂದ ಬೈಸಿಕೊಂಡಿದ್ದೇನೆ. ಇಲ್ಲಿ ರವಿವಾರ ಬಂದರೆ ಗುಡ್ಡದ ಮೇಲಿನ ಕೋಟೆ ನೋಡುತ್ತ ಕೋಣೆಯಲ್ಲಿ ಕೂರುತ್ತಿದ್ದೆ. ಪೆಟ್ಟಿಗೆಯಲ್ಲಿ ಪತ್ರಿಕೆಗಳಿಂದ ಕತ್ತರಿಸಿಟ್ಟ ಆ ಇಬ್ಬರ ಚಿತ್ರಗಳಿದ್ದವು. ತೆಗೆದರೆ ಅಳು ಬರುತ್ತದೆಂದು ತೆಗೆಯುತ್ತಿರಲಿಲ್ಲ.

ಒಂದು ರವಿವಾರ ಗಂಗವ್ವ ಶೇಂಗಾ ಸುಲಿಯುತ್ತ ಕೂತು, ಮುಖ ಯಾಕೆ ಸಣ್ಣದಾಗಿದೆ ಎಂದು ಕೇಳಿದಳು. ಹೇಳಿದರೆ ನಕ್ಕಾಳು ಅಂದುಕೊಂಡೇ ಹೇಳಿದೆ. ನಗಲಿಲ್ಲ. ಚಿತ್ರಗಳನ್ನು ತರಿಸಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಆ ಹೆಣ್ಣಿನ ಲಂಗಕ್ಕೆ ಎಷ್ಟು ಮೊಳ ಬಟ್ಟೆ ಹಿಡಿದಿರಬಹುದು, ಅಂಚು ಯಾಕಿಲ್ಲ ಎಂದು ಗಂಡನನ್ನು ಕೇಳಿದಳು. ನನಗೆ ಕುಣಿದು ತೋರಿಸಲು ಹೇಳಿದಳು. ಬಾಗಿಲು ಹಾಕಿಕೊಂಡು, ಹಾಸುಗಲ್ಲಿನ ಮೇಲೆ ಚಪ್ಪಲಿಯಲ್ಲೇ ನಾಲ್ಕು ಹೆಜ್ಜೆ ಹಾಕಿದೆ. ಮುಂದಿನ ರವಿವಾರ ಓಣಿಯ ಐದಾರು ಹೆಂಗಸರು ಬಂದು ಅಡಿಗೆಮನೆಯಲ್ಲಿ ಕೂತಿದ್ದರು. ಅಂದಿನಿಂದ ಪ್ರತಿ ರವಿವಾರ ಒಂದು ಸಿನಿಮಾದ ಕಥೆ ಹೇಳುವುದು ನನ್ನ ಪಾಲಿಗೆ ಬಂತು. ಸಿನಿಮಾ ಎಂಬುದನ್ನೇ ಕಾಣದವರು ನನ್ನ ನಾಯಕಿಯರ ಚಿಂತೆಯನ್ನು ವಾರವಿಡೀ ಮಾಡುತ್ತಿದ್ದರು.

ಆಮೇಲೆ ಸಾಲಿಯ ಗ್ಯಾದರಿಂಗ್ ಬಂತು. ವರ್ಷಕ್ಕೊಮ್ಮೆ ಹಾಡು, ನಾಟಕ, ನಗೆಮಾತು ಎಲ್ಲ ಸೇರಿದ ಕಾರ್ಯಕ್ರಮಕ್ಕೆ ಇಲ್ಲಿ ಆ ಹೆಸರು. ದೊಡ್ಡ ಅಕ್ಕೋರು ಅದನ್ನು ನನಗೆ ಒಪ್ಪಿಸಿದರು. ನಾನು ಎಂಟು ಹುಡುಗಿಯರನ್ನು ಆರಿಸಿ, ರಟ್ಟಿನ ಟೋಪಿ ಮಾಡಿಸಿ, ಕೋಲು ಕೊಟ್ಟು ಕುಣಿಸತೊಡಗಿದೆ. ಅಪ್ಪನ ಕೋಣೆಯ ಕಿಂಡಿಯಲ್ಲಿ ಕಂಡದ್ದನ್ನೇ ಇಲ್ಲಿ ಕಾಣಬೇಕೆಂಬ ಹಟ ನನಗೆ. ಹುಡುಗಿಯರು ಹೆದರಿ ಕಾಲನ್ನೇ ನೋಡುತ್ತಿದ್ದರು. ಒಬ್ಬಳು ತಪ್ಪಿದಾಗ ಗದರಿದ್ದೂ ಉಂಟು.

ವಾರದೊಳಗೆ ಸುದ್ದಿ ಪೇಟೆ ಮುಟ್ಟಿತು. ದಲಾಲಿ ವ್ಯಾಪಾರದ ಅಡತಿ ಅಂಗಡಿಯ ಹಿರಿಯರೊಬ್ಬರು ಸಾಲಿಗೆ ಬಂದು, ಮುಂಬಯಿಯ ಅಕ್ಕೋರು ಹೆಣ್ಣುಮಕ್ಕಳನ್ನು ಸಾಹೇಬರ ವೇಷ ಹಾಕಿ ಕುಣಿಸುತ್ತಾರಂತೆ, ಇದು ನಿಲ್ಲದಿದ್ದರೆ ಮೇಲಿನವರಿಗೆ ಅರ್ಜಿ ಹೋಗುತ್ತದೆ ಎಂದರು. ಮರುದಿನ ನಾಲ್ಕು ಹುಡುಗಿಯರು ಬರಲಿಲ್ಲ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸಂಜೆ ಬಂದವಳೇ ಪೆಟ್ಟಿಗೆ ಕಟ್ಟಲು ಕೂತೆ.

ಗಂಗವ್ವ ಬಂದು ಪೆಟ್ಟಿಗೆಯ ಪಕ್ಕ ಕೂತಳು. ಆಮೇಲೆ ಅಂದಳು: “ಸಿಟ್ಟಾಗಬ್ಯಾಡ್ರಿ ಅಕ್ಕೋರ, ಒಂದು ಮಾತ ಹೇಳ್ತೀನಿ. ನಾನೂ ಸಾಲಿಗೆ ಬಂದು ನೋಡೀನಿ. ನಿಮ್ಮ ಕುಣಿತ ಹುಡುಗ್ಯಾರ ಮೈಯಾಗ ಕುಂತಿಲ್ಲ. ನಾವೂ ಕೋಲಾಟ ಆಡಿದವರ. ಅವರಿಗೆ ಗೊತ್ತಿದ್ದ ಹೆಜ್ಜಿ ಮೊದಲ ಹಾಕಸ್ರಿ. ನಿಮ್ದು ಆಮ್ಯಾಲ ಅದರಾಗ ಕೂಡಸ್ರಿ.”

ಆ ಮಾತು ನನಗೆ ಚುಚ್ಚಿತು, ಯಾಕೆಂದರೆ ಖರೇ ಇತ್ತು. ನನ್ನ ಹಂಬಲವನ್ನು ನಾನು ಆ ಮಕ್ಕಳ ಕಾಲಿಗೆ ಕಟ್ಟಿದ್ದೆ.

ಮುಂದಿನ ಮೂರು ದಿನ ಗಂಗವ್ವ ನಾಲ್ಕೂ ಮನೆಗಳಿಗೆ ಹೋಗಿ ತಾಯಂದಿರ ಜೊತೆ ಕೂತು ಬಂದಳು. ಹುಡುಗಿಯರು ಸೀರೆ ಉಟ್ಟೇ ಕುಣಿಯುತ್ತಾರೆ, ತಾನೇ ನಿಂತು ಉಡಿಸುತ್ತೇನೆ ಎಂದು ಮಾತು ಕೊಟ್ಟಳಂತೆ. ಮೂವರು ಮರಳಿ ಬಂದರು. ಒಬ್ಬಳ ಮನೆಯವರು ಕೊನೆಗೂ ಒಪ್ಪಲಿಲ್ಲ. ಸಂಗಪ್ಪ ಮುರಿದ ಮಗ್ಗದ ಹಲಗೆಗಳನ್ನು ಕತ್ತರಿಸಿ ಕಾಲಿಗೆ ಹಾಕಿ ಟಕಟಕ ಅನ್ನಿಸಲು ಏಳು ಜೋಡಿ ಕಟ್ಟಿಗೆಯ ಮೆಟ್ಟು ಮಾಡಿ, ದಪ್ಪ ನೂಲಿನ ಹುರಿ ಕಟ್ಟಿ ಕೊಟ್ಟ. ನಾವು ಕೋಲಾಟದಿಂದ ಶುರುಮಾಡಿದೆವು. ಕೋಲಿಗೆ ಕೋಲು ಬಡಿದ ಮೇಲೆ ಕಾಲು ಅದಕ್ಕೆ ಉತ್ತರ ಕೊಡಬೇಕು, ಅಷ್ಟೇ. ಈಗ ಹುಡುಗಿಯರು ಕಾಲು ನೋಡುವುದನ್ನು ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದರು.

ಗ್ಯಾದರಿಂಗ್ ದಿನ ಮಧ್ಯಾಹ್ನ ಸಾಲಿಯ ಅಂಗಳ ತುಂಬಿತ್ತು. ಪೇಟೆಯ ಆ ಹಿರಿಯರು ಮುಂದಿನ ಕುರ್ಚಿಯಲ್ಲಿದ್ದರು. ಕಚ್ಚೆ ಹಾಕಿ ಸೀರೆ ಉಟ್ಟ ಏಳು ಹುಡುಗಿಯರು ಹಲಗೆಯ ವೇದಿಕೆ ಏರಿದರು. ತಲೆಯ ಮೇಲೆ ರಟ್ಟಿನ ಟೋಪಿ ಮಾತ್ರ ಹಾಗೇ ಇತ್ತು. ಅದನ್ನು ಬಿಡಲು ಹುಡುಗಿಯರೇ ಒಪ್ಪಿರಲಿಲ್ಲ. ನಡುವೆ ಒಬ್ಬಳ ಮೆಟ್ಟಿನ ಹುರಿ ಹರಿದು ಮೆಟ್ಟು ದೂರ ಹಾರಿತು. ಅವಳು ನಿಲ್ಲಲಿಲ್ಲ. ಒಂದೇ ಕಾಲು ಬಡಿಯುತ್ತ, ಇನ್ನೊಂದು ಬರಿಗಾಲನ್ನು ಮೆತ್ತಗೆ ಇಡುತ್ತ ಕುಣಿದಳು. ಜನ ಅದನ್ನೂ ಆಟವೆಂದೇ ತಿಳಿದು ಚಪ್ಪಾಳೆ ಹೊಡೆದರು. ಹೆಂಗಸರ ಕಡೆಯಿಂದ ಇನ್ನೊಮ್ಮೆ ಎಂಬ ಕೂಗು ಬಂತು. ಇನ್ನೊಮ್ಮೆ ಕುಣಿದರು.

ಮುಗಿದ ಮೇಲೆ ಆ ಹಿರಿಯರು ನನ್ನ ಬಳಿ ಬಂದರು. ಹೊಗಳಲಿಲ್ಲ. “ಟೋಪಿ ಒಂದು ಬ್ಯಾಡಾಗಿತ್ರಿ” ಅಂದರು. ಅರ್ಜಿಯ ಮಾತು ಎತ್ತಲಿಲ್ಲ. ಗಂಗವ್ವ ಅಂದು ಮನೆಗೆ ಹೋಗುವಾಗ ಓಣಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ನಡೆದಳು.

ಮೇ ಸೂಟಿಗೆ ಸಾಲಿ ಮುಚ್ಚಿದಾಗ ಮುಂಬಯಿಗೆ ಹೋದೆ. ಗೆಳತಿಯರು ಕೂಡಿದಾಗ ಒಬ್ಬಳು ಅಮೆರಿಕೆಯಲ್ಲಿರುವ ತನ್ನ ಅಣ್ಣನ ಪತ್ರ ಓದಿದಳು. ಅಲ್ಲಿ ಮನೆಮನೆಯಲ್ಲಿ ಟೆಲಿವಿಷನ್ ಎಂಬ ಪೆಟ್ಟಿಗೆ ಇದೆಯಂತೆ. ರವಿವಾರ ಸಂಜೆ ಹಾಡುವವರು, ಕುಣಿಯುವವರು, ನಗಿಸುವವರು, ಜಾದೂ ಮಾಡುವವರು ಒಬ್ಬರ ಹಿಂದೊಬ್ಬರು ಅದರಲ್ಲಿ ಬರುತ್ತಾರಂತೆ. ನಮ್ಮ ಹಳೆಯ ಟೋಪಿಯವನೂ ಒಮ್ಮೆ ಬಂದಿದ್ದನಂತೆ, ಕೂದಲು ನೆರೆತಿದ್ದರೂ ಕಾಲು ಹಾಗೇ ಇದೆಯಂತೆ. ನನ್ನ ಕಣ್ಣು ತುಂಬಿತು. ಅದೇ ಹೊತ್ತಿಗೆ ಗಂಗವ್ವನ ಅಡಿಗೆಮನೆಯಲ್ಲಿ ಆ ಪೆಟ್ಟಿಗೆ ಎಲ್ಲಿ ಇಡಬಹುದು ಎಂದು ಯೋಚಿಸುತ್ತಿದ್ದೆ. “ನಮ್ಮೂರಿಗೆ ಬಂದ್ರ ಭಾಳ ಚಲೋ ಆಗ್ತದ” ಅಂದುಬಿಟ್ಟೆ. ಗೆಳತಿಯರು ನನ್ನ ಮಾತು ಕೇಳಿ ನಕ್ಕು, ನಿನ್ನೂರು ಯಾವುದು ಎಂದು ಕೇಳಿದರು. ಮುಂಬಯಿ ಅಂದೆ. ಅದು ಸುಳ್ಳಾಗಿರಲಿಲ್ಲ.

ಜೂನಿನಲ್ಲಿ ಹೊಳೆಆಲೂರಿನಲ್ಲಿ ರೈಲಿಳಿದು ಬಸ್ಸು ಹತ್ತಿದಾಗ ಪಕ್ಕದಲ್ಲಿ ಕೂತ ಇಟಗಿಯ ಮುದುಕಿ, “ಯಾವೂರವ್ವಾ ನಿಂದು?” ಎಂದು ಕೇಳಿದಳು. ಗಜೇಂದ್ರಗಡ ಅಂದೆ. ಯಾರ ಪೈಕಿ ಎಂದಳು. ನೇಕಾರ ಸಂಗಪ್ಪನ ಮನೆಯವರ ಪೈಕಿ ಅಂದೆ. ಮುದುಕಿ ತಲೆಯಾಡಿಸಿ, ನನಗೆ ಕಿಟಕಿಯ ಕಡೆ ಜಾಗ ಬಿಟ್ಟು ಸರಿದು ಕೂತಳು.