ಮುದ್ರೆ ಬೀಳದ ಸೇರು

ಅಗಡಿಯಿಂದ ಸೊಸೆಯಾಗಿ ಬಂದ ಹೊಸದರಲ್ಲೇ ಮೈಲವ್ವನ ಕೈಗೆ ಅತ್ತೆ ಮುದುಕವ್ವ ತನ್ನ ಹಿತ್ತಾಳೆ ಸೇರನ್ನು ಕೊಟ್ಟಿದ್ದಳು. "ಇದನ್ನ ಬರೇದು ಯಾರ ಕೈಯಾಗೂ ಕೊಡಬ್ಯಾಡ, ಬೋರಲ ಹಾಕಬ್ಯಾಡ," ಎಂದಿದ್ದಳು. ಅಳೆಯುವಾಗ ಮೊದಲನೆಯದಕ್ಕೆ ‘ಒಂದು’ ಅನ್ನದೆ ‘ಲಾಭ’ ಅನ್ನಬೇಕು, ಅಂಚಿನ ಮೇಲೆ ಕಾಳಿನ ಗೋಪುರ ಏಳಿಸಬೇಕು. ಬ್ಯಾಡಗಿ ಸಂತೆಯಲ್ಲಿ ಗಿರಾಕಿಗಳು ಮೈಲವ್ವನ ಚುರುಮುರಿ ಚೀಲದ ಮುಂದೆ ನಿಲ್ಲುತ್ತಿದ್ದುದೇ ಆ ಗೋಪುರ ನೋಡಿ. ಗಂಡನಿಗೆ ಚುರುಮುರಿ ಹುರಿಯುವ ಭಟ್ಟಿಯ ಹೊಗೆ ಎದೆಗೆ ಹತ್ತಿ ಕೆಮ್ಮು ಬಿಟ್ಟಿರಲಿಲ್ಲ. ಗಿರಾಕಿ ತಪ್ಪಿದರೆ ಮನೆ ನಡೆಯುವಂತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ತೂಕ-ಅಳತೆಯ ಹೊಸ ಕಾಯ್ದೆಯ ಬಿಗಿ ಸಂತೆಗೂ ಬಂತು. ತಪಾಸಣೆಗೆ ಬಂದ ಸಾಹೇಬರೊಬ್ಬರು ಸೇರನ್ನು ತಿರುಗಿಸಿ ನೋಡಿ, "ಇದಕ್ಕ ಸರಕಾರದ ಮುದ್ರಿ ಎಲ್ಲೈತಿ ಯವ್ವಾ? ಮುಂದಿನ ಸಂತ್ಯಾಗ ಹಿಂಗ ಕಂಡ್ರ ಜಪ್ತಿ ಮಾಡತೇನಿ," ಎಂದು ಹೋದರು.

ಮುದ್ರೆಯೆಂದರೆ ಮದುವೆಯ ಪಾತ್ರೆಗೆ ಹೆಸರು ಹಾಕಿಸಿದಂತೆ ಎಂದುಕೊಂಡಳು ಮೈಲವ್ವ. ಹುಣಸೆಹಣ್ಣು ಹಚ್ಚಿ ಸೇರನ್ನು ತಿಕ್ಕಿ, ಕುಂಕುಮವಿಟ್ಟು, ಬರಿದು ಒಯ್ಯಬಾರದೆಂದು ಚುರುಮುರಿ ತುಂಬಿ ಅರಿವೆ ಕಟ್ಟಿದಳು. ವರ್ಷ ತುಂಬಿದ ಕೂಸನ್ನು ಬಗಲಿಗೇರಿಸಿ ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಮುದ್ರೆ ಹಾಕುವ ಕಚೇರಿಯ ಮುಂದೆ ಅಂಗಡಿಯವರ ತಕ್ಕಡಿ, ತೂಕದ ಕಲ್ಲುಗಳ ಸಾಲು. ನೆರಳಿರಲಿಲ್ಲ. ಕೂಸು ಅತ್ತಾಗಲೆಲ್ಲ ಅದೇ ಸೇರಿನಿಂದ ನಾಲ್ಕು ಕಾಳು ಬಾಯಿಗಿಡುತ್ತ ಕುಳಿತಳು.

ಪಾಳಿ ಬಂದಾಗ ಗುಮಾಸ್ತ ಅರಿವೆ ಬಿಚ್ಚಿ ನಕ್ಕ. "ಏನ್ ಯವ್ವಾ, ನನಗ ಉಡಿ ತುಂಬಾಕ ಬಂದೀ ಏನ?"

"ಬರೇದು ತರಬಾರದ್ರಿ. ಒಂದು ಮುದ್ರಿ ಹೊಡದು ಕೊಡ್ರಿ."

"ಇದಕ್ಕ ಎಲ್ಲಿ ಹೊಡೀಲಿ? ಸೇರಿನ ಕಾಲ ಮುಗದೈತಿ, ಈಗ ಲೀಟರು. ಇದನ್ನ ದೇವರ ಜಗಲಿ ಮ್ಯಾಲ ಇಟಗೊಂಡು ಪೂಜಿ ಮಾಡು, ಯಾರೂ ಕೇಳೂದಿಲ್ಲ. ಸಂತಿಗೆ ಒಯ್ದ್ರ ಕಸಗೋತಾರ."

ಅವನು ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಬರುವಾಗ ಮುದ್ರೆಯಿದ್ದ ತಗಡಿನ ಲೀಟರೊಂದನ್ನು ಕೊಂಡು ತಂದಳು.

ಮುದುಕವ್ವ ಅದನ್ನು ಮುಟ್ಟಲೂ ಇಲ್ಲ. "ಇದರ ಮ್ಯಾಲ ಗೋಪುರ ನಿಲ್ಲತೈತೇನ?"

"ಅಂಚಿಗೆ ಸಮ ಮಾಡಬೇಕಂತ್ರಿ ಅತ್ತಿ."

"ಹಂಗಾರ ಗಿರಾಕಿನೂ ನಿಲ್ಲೂದಿಲ್ಲ, ಬಿಡು."

ಮುಂದಿನ ಸಂತೆಗೆ ಮೊದಲು ಬಂದವಳು ಬಿಸ್ಮಿಲ್ಲಾಬಿ, ಅತ್ತೆಯ ಕಾಲದ ಗಿರಾಕಿ. ತಗಡನ್ನು ನೋಡಿ, "ಏನ ಮೈಲವ್ವಾ, ಸರಕಾರ ನಿನ್ನ ಗೋಪುರ ಕೆಡವಿತೇನ?" ಎಂದಳು.

ಮೈಲವ್ವ ಲೀಟರು ತುಂಬಿ, ಅಂಗೈಯಿಂದ ಅಂಚು ಸವರಿ, "ಲಾಭ," ಎಂದು ಸುರಿದಳು. ಬಿಸ್ಮಿಲ್ಲಾಬಿ ಚೀಲದ ಬಾಯಿ ಮುಚ್ಚಲಿಲ್ಲ. ಹಿಂದೆ ನಿಂತವರೂ ಆ ಚೀಲವನ್ನೇ ನೋಡುತ್ತಿದ್ದರು. ಕೂಸನ್ನು ತೊಡೆಯಿಂದ ಇಳಿಸಿದ ಮೈಲವ್ವ ಎರಡೂ ಕೈಯಲ್ಲಿ ಚುರುಮುರಿ ಬಾಚಿ ಚೀಲಕ್ಕೆ ಹಾಕಿದಳು.

"ಇದು ಕೊಸರು. ಇದಕ್ಕೇನ ಮುದ್ರಿ ಬೇಕಾಗಿಲ್ಲ."

"ಹಂಗ ದಾರಿಗೆ ಬಾ," ಬಿಸ್ಮಿಲ್ಲಾಬಿ ನಕ್ಕಳು. "ಇನ್ನ ನಿನ್ನ ಕೈ ಜಪ್ತಿ ಮಾಡ್ಯಾರು, ಹುಷಾರ್."

ಹಿಂದೆ ನಿಂತವರು ಚೀಲ ಬಿಚ್ಚಿದರು. ಒಮ್ಮೆ ಅಳೆಯುತ್ತಿದ್ದಲ್ಲಿ ಈಗ ಅಳೆಯುವುದು, ಸವರುವುದು, ಮತ್ತೆ ಬಾಚುವುದು. ಸಂತೆ ಕರಗುವ ಹೊತ್ತಿಗೆ ಮೈಲವ್ವನಿಗೆ ಭುಜ ಎತ್ತಲಾಗುತ್ತಿರಲಿಲ್ಲ.

ಮನೆಯಲ್ಲಿ ಹಳೆಯ ಸೇರು ಅಕ್ಕಿ ತುಂಬಿಕೊಂಡು ದೇವರ ಜಗಲಿಯ ಮೇಲೆ ಕುಳಿತಿತ್ತು. ಪಕ್ಕದಲ್ಲಿ ಬರಿದಾದ ಲೀಟರಿಟ್ಟು ಎರಡು ಹೆಜ್ಜೆ ನಡೆದವಳು ತಿರುಗಿ ಬಂದಳು. ಚೀಲದ ತಳ ಕೊಡವಿ, ಸಿಕ್ಕ ಒಂದು ಹಿಡಿ ಚುರುಮುರಿಯನ್ನು ಲೀಟರಿನೊಳಗೆ ಹಾಕಿ, ಕೂಸಿಗೆ ಹಾಲೂಡಿಸಲು ಕುಳಿತಳು.