ಚಿಗರಿಗೆ ಆಧಾರ ಕೊಡಿ

ಮದುವೆಯಾದಾಗಿನಿಂದ ನನ್ನ ಹೆಂಡತಿ ನನ್ನ ಮಾತನ್ನು ತಳ್ಳಿಹಾಕುತ್ತಲೇ ಬಂದಿದ್ದಾಳೆ. ಅದಕ್ಕೆ ನಾನು ಒಗ್ಗಿಹೋಗಿದ್ದೆ. ಆದರೆ ಊರೆಲ್ಲ ಓದುವ ಹಾಗೆ, ಇಂಟರ್‌ನೆಟ್ಟಿನಲ್ಲಿ, ಕಾರಣ ಸಮೇತ ತಳ್ಳಿಹಾಕಲು ಶುರುಮಾಡಿದ್ದು ನಾವಿಬ್ಬರೂ ನಿವೃತ್ತರಾದ ಮೇಲೆ.

ನಾನು ರಾಣೆಬೆನ್ನೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿದವನು. ಬರೀ ಕಲಿಸಿದವನು ಅಂದರೆ ಸಾಲದು. ನನ್ನ ಹಾಗೆ ಕಪ್ಪೆ ಕೊಯ್ದು ತೋರಿಸುವವರು ಸುತ್ತಲ ತಾಲೂಕುಗಳಲ್ಲಿ ಇರಲಿಲ್ಲ. ಕೊಯ್ದ ಕಪ್ಪೆಯನ್ನು ಹೆಡ್‌ಮಾಸ್ತರರ ಊಟದ ಡಬ್ಬಿಯ ಮೇಲೆ ಇಟ್ಟುಬರುವವರಂತೂ ಇರಲೇ ಇಲ್ಲ. ಆಕೆ ಇನ್ನೊಂದು ಶಾಲೆಯಲ್ಲಿ ಕನ್ನಡ ಕಲಿಸಿದವಳು. ಲಗ್ನಪತ್ರಿಕೆ ಮನೆಗೆ ಬಂದರೆ ಮೊದಲು ಕೆಂಪು ಪೆನ್ನಿನಿಂದ ಅದರ ಕಾಗುಣಿತ ತಿದ್ದಿ, ಆಮೇಲೆ ಯಾರ ಮದುವೆ ಎಂದು ನೋಡುವವಳು.

ಆಗ ಇಂಟರ್‌ನೆಟ್ಟು ಟೆಲಿಫೋನ್ ತಂತಿಯೊಳಗೆ ಕೀಚು ಕೀಚು ಅಂತ ಕೂಗುತ್ತ ಬರುತ್ತಿತ್ತು. ಹಾವೇರಿಯಲ್ಲಿ ಒಂದು ತರಬೇತಿ ಇದೆ ಎಂದು ತಿಳಿದು ಇಬ್ಬರೂ ಬಸ್ಸು ಹತ್ತಿದೆವು. ಶಾಲೆಯ ಮಕ್ಕಳಿಗಾಗಿ ಮಾಸ್ತರರೇ ಕೂಡಿ ಕನ್ನಡದಲ್ಲಿ ಪಾಠ ಬರೆದಿಡುವ ಜಾಲತಾಣ ಅದು. ಯಾರು ಬೇಕಾದರೂ ‘ಈ ಸಾಲು ಹೀಗಿರಲಿ’ ಎಂದು ಸೂಚನೆ ಹಾಕಬಹುದು. ಆದರೆ ಪರಿಶೀಲಕರಾದವರು ಅದನ್ನು ಓದಿ, ಸೂಚಿಸಿದವರ ಹೆಸರು ಹಿಡಿದು, ‘ಇಂಥವರ ಸೂಚನೆ ಒಪ್ಪಿದೆ’ ಎಂದು ಕೆಳಗೆ ಬರೆದ ಮೇಲೆಯೇ ಅದು ಪಾಠದೊಳಗೆ ಹೋಗುವುದು. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಪಾಠಗಳನ್ನೆಲ್ಲ ಸಿ.ಡಿ. ಮಾಡಿ ಶಾಲೆಗಳಿಗೆ ಕಳಿಸುತ್ತೇವೆ ಎಂದರು.

ತರಬೇತಿಯಲ್ಲಿ ಆಕೆ ಗೋಡೆಯ ಮೇಲೆ ತೋರಿಸಿದ ಬರಹದಲ್ಲೇ ತಪ್ಪುಗಳನ್ನು ಹುಡುಕಿ ಎದ್ದುನಿಂತಳು. ನಾನು ಅಭ್ಯಾಸದ ಪುಟದಲ್ಲಿ ‘ತರಬೇತಿ ಕೊಡುವವರ ಮೀಸೆ: ಉಗಮ ಮತ್ತು ವಿಕಾಸ’ ಎಂಬ ಚಿಕ್ಕ ಪಾಠ ಬರೆದೆ. ಸಂಜೆಯ ಹೊತ್ತಿಗೆ ಆಕೆ ಪರಿಶೀಲಕಿ, ನಾನು ಬರೀ ಸದಸ್ಯ. ಬಸ್ಸಿನಲ್ಲಿ ಆಕೆ ಕಿಟಕಿಯ ಪಕ್ಕ ಕೂತು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮನೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಮುಂಜಾನೆ ರೊಟ್ಟಿ ಬಡಿದಾದ ಮೇಲೆ ಆಕೆಯ ಪಾಳಿ, ಮಧ್ಯಾಹ್ನ ಊಟವಾದ ಮೇಲೆ ನನ್ನದು. ಮೊದಲ ದಿನವೇ ಆಕೆ ಕಟ್ಟು ಹಾಕಿದಳು: “ಕಂಪ್ಯೂಟರ್ ಮಾತು ಕಂಪ್ಯೂಟರ್‌ನ್ಯಾಗ ಇರ್ಲಿ. ಅಡಗಿಮನಿಗೆ ತಂದ್ರ ನಾ ಕೇಳಾಕಿ ಅಲ್ಲ.” ಹೀಗಾಗಿ ನಾನು ಮಧ್ಯಾಹ್ನ ಸೂಚನೆ ಬರೆಯಬೇಕು, ಆಕೆ ಮರುದಿನ ಮುಂಜಾನೆ ತಳ್ಳಿಹಾಕಬೇಕು, ನಾನು ಅದನ್ನು ಮಧ್ಯಾಹ್ನ ಓದಿ ಉರಿದುಕೊಳ್ಳಬೇಕು. ನಡುವೆ ಇಬ್ಬರೂ ಎದುರುಬದುರು ಕೂತು ಏನೂ ಆಗದವರ ಹಾಗೆ ರೊಟ್ಟಿ ಪಲ್ಯ ಉಣ್ಣಬೇಕು.

ಕೃಷ್ಣಮೃಗದ ಪಾಠ ಯಾರೋ ಬರೆದಿಟ್ಟಿದ್ದರು. ಅದರ ತುಂಬ ‘ಜಿಂಕೆ, ಜಿಂಕೆ’. ನಮ್ಮ ರಾಣೆಬೆನ್ನೂರಿನ ಪಕ್ಕದ ಬಯಲಿನಲ್ಲೇ ಅವು ಹಿಂಡುಹಿಂಡಾಗಿ ಇರುವಾಗ ನಾನು ಸುಮ್ಮನಿರುವುದೆಂತು? ಜಿಂಕೆಯ ಕೊಂಬು ಉದುರಿ ಮತ್ತೆ ಹುಟ್ಟುತ್ತದೆ, ಕೃಷ್ಣಮೃಗದ ಕೊಂಬು ಉದುರುವುದಿಲ್ಲ. ಅದು ಬೇರೆ, ಇದು ಬೇರೆ. ನಮ್ಮ ಹಳ್ಳಿಯ ಜನ ಅದಕ್ಕೆ ಬೇರೆ ಹೆಸರನ್ನೇ ಇಟ್ಟಿದ್ದಾರೆ. ನಾನು ಸೂಚನೆ ಹಾಕಿದೆ: ‘ಕೃಷ್ಣಮೃಗಕ್ಕೆ ಈ ಭಾಗದಲ್ಲಿ ಚಿಗರಿ ಎನ್ನುತ್ತಾರೆ. ಚಿಗರಿಗಳು ಬಯಲಿನಲ್ಲಿ ಹಿಂಡುಗಟ್ಟಿ ಓಡುತ್ತವೆ.’ ಒಂದು ಸಿ.ಡಿ.ಯಲ್ಲಿ ನನ್ನ ಈ ಎರಡು ಸಾಲು ಹೋಗಿ ಮಕ್ಕಳು ಓದಿದರೆ ಸಾಕು, ಮತ್ತೇನೂ ಬೇಡ ಎಂದುಕೊಂಡೆ. ಅದು ಸುಳ್ಳು. ಇನ್ನೊಂದು ಬೇಕಿತ್ತು, ಹೇಳುತ್ತೇನೆ.

ಮರುದಿನ ಉತ್ತರ: ‘ಇವರ ಸೂಚನೆ ಒಪ್ಪಿಲ್ಲ. ಆಧಾರ ಕೊಡಿ.’

ಇವರ! ಎಲ್ಲರ ಸೂಚನೆಗೂ ಹೆಸರು ಹಾಕುವವಳು ನನಗೆ ಮಾತ್ರ ‘ಇವರು’. ನಮ್ಮ ಕಡೆ ಗರತಿಯರು ಗಂಡನ ಹೆಸರು ಹೇಳುವುದಿಲ್ಲ, ಗೊತ್ತೇ ಇದೆ. ಹೇಳಲೇಬೇಕಾಗಿ ಬಂದರೆ ಮದುವೆ ಮುಂಜಿಯಲ್ಲಿ ನಾಲ್ಕು ಮಂದಿಯ ಮುಂದೆ ಒಡಪು ಕಟ್ಟಿ, ಪದ್ಯದ ನಡುವೆ ಹೆಸರನ್ನು ಅಡಗಿಸಿ ಹೇಳುತ್ತಾರೆ. ಆಕೆ ನಮ್ಮ ಮದುವೆಯಲ್ಲಿ ಹೇಳಿದ್ದೇ ಕಡೆ. ಆದರೆ ಬೆರಳಿಗೂ ಆ ಮಡಿ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ಬ್ಯಾಡಗಿಯ ಸರ್.

ಆತ ಬ್ಯಾಡಗಿಯ ಶಾಲೆಯೊಂದರ ಮಾಸ್ತರ. ಹಾವೇರಿಯ ತರಬೇತಿಗೆ ಬಂದವನಲ್ಲ, ಆಮೇಲೆ ಸೇರಿಕೊಂಡವನು. ಅವನು ದಿನಾ ಒಂದು ಸೂಚನೆ ಹಾಕುತ್ತಿದ್ದ, ಆಕೆ ದಿನಾ ಅವನ ಪೂರ್ತಿ ಹೆಸರನ್ನು, ಊರು ಮನೆತನ ಸಮೇತ, ಒಂದಕ್ಷರ ಬಿಡದೆ ಟೈಪು ಮಾಡಿ ‘ಒಪ್ಪಿದೆ, ಭಾಷೆ ಬಹಳ ಶುದ್ಧವಾಗಿದೆ’ ಎಂದು ಬರೆಯುತ್ತಿದ್ದಳು. ಅವನು ಕೆಳಗೆ ‘ಧನ್ಯವಾದಗಳು ಮೇಡಂ’ ಎನ್ನುತ್ತಿದ್ದ. ನನ್ನ ಮನೆಯಲ್ಲಿ, ನನ್ನ ಕುರ್ಚಿಯ ಮೇಲೆ ಕೂತು, ನನ್ನ ಹೆಂಡತಿ ಮುಂಜಾನೆ ಎದ್ದು ಇನ್ನೊಬ್ಬನ ಹೆಸರು ಬರೆಯುತ್ತಾಳೆ! ಬೆಟ್ಟದಂಥ ಗಂಡ ಪಡಸಾಲೆಯಲ್ಲಿ ಕೂತು ಪೇಪರ್ ಓದುತ್ತಾನೆ, ಅವನು ಬರೀ ‘ಇವರು’. ಎದೆಯೊಳಗೆ ಯಾರೋ ಕಲ್ಲಿನ ಮೇಲೆ ಮೆಣಸಿನಕಾಯಿ ಅರೆದ ಹಾಗಾಯಿತು.

ಆ ಬೇಸಿಗೆಯ ಒಂದು ದಿನ ಧೋತರ ಉಟ್ಟು, ತಲೆಗೆ ಟವೆಲ್ಲು ಸುತ್ತಿ, ಬ್ಯಾಡಗಿಗೆ ಹೋದೆ. ಆಕೆಗೆ ಮೆಣಸಿನಕಾಯಿ ತರುತ್ತೇನೆ ಎಂದು ಹೇಳಿದ್ದೆ. ಮಾರ್ಕೆಟ್ ಯಾರ್ಡಿನ ಘಾಟಿಗೆ ಸೀನುತ್ತ, ಆ ಸರ್ ಮನೆ ಎಲ್ಲಿ ಎಂದು ಚಹಾದ ಅಂಗಡಿಯವನನ್ನು ಕೇಳಿದೆ.

“ಯಾವ ಸರ್ರೀ?” ಎಂದ ಆತ. “ಮೆಣಸಿನಕಾಯಿಗೆ ಬರೇ ‘ಮೆಣಸು’ ಅನ್ನೋ ಮಂಗಳೂರ ಕಡೀ ಸರ್ ಏನು? ಅಗದಿ ಚೊಲೊ ಮನಶ್ಯಾ. ಅಲ್ಲೆ ಹಸರ ಬಾಗಲದ ಮನಿ ನೋಡ್ರಿ.”

ಚೊಲೊ ಮನುಷ್ಯ ಎಂದು ಕೇಳಿಯೇ ಅರ್ಧ ಉರಿ ಹತ್ತಿತು. ಬಾಗಿಲು ತೆಗೆದವನನ್ನು ನೋಡಿ ಪೂರ್ತಿ ಹತ್ತಿತು. ನಲವತ್ತು ದಾಟಿದ್ದರೂ ತಲೆಯ ತುಂಬ ಕರಿ ಕೂದಲು! ನನ್ನ ತಲೆಯ ಮೇಲಿನ ಟವೆಲ್ಲನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ. ಕುಪ್ಪೇಲೂರಿನ ರೈತ, ಮಾಲು ತಂದಿದ್ದೆ, ತೂಕವಾಗುವ ತನಕ ಕೂರಲು ನೆರಳು ಬೇಕು ಎಂದೆ. ಕುಪ್ಪೇಲೂರು ಸುಳ್ಳಲ್ಲ, ನಾನು ಹುಟ್ಟಿದ ಊರು.

“ಬನ್ನಿ ಬನ್ನಿ, ಕೂತ್ಕೊಳ್ಳಿ. ನೀರು ಬೇಕಾ?” ಎಂದು ಬೆಲ್ಲ ಸಮೇತ ನೀರು ತಂದಿಟ್ಟ. ಮೇಜಿನ ಮೇಲೆ ಕಂಪ್ಯೂಟರ್. ಅದೇನು ಎಂದು ಹಳ್ಳಿಯವನ ಹಾಗೆ ಬಾಯಿ ತೆರೆದು ಕೇಳಿದೆ.

“ಮಕ್ಕಳಿಗೆ ಪಾಠ ಬರೆಯುವುದು. ರಾಣೆಬೆನ್ನೂರಿನ ಒಬ್ಬರು ಮೇಡಂ ನೋಡಿ ತಿದ್ದುತ್ತಾರೆ. ಎಂಥ ಕನ್ನಡ ಅವರದ್ದು ಮಾರಾಯ್ರೆ! ಆದರೆ ಅಲ್ಲೊಬ್ಬ ಜನ ಉಂಟು, ಚಿಗರಿ ಚಿಗರಿ ಅಂತ ಮೇಡಂನ ಜೀವ ತಿನ್ನುವುದು. ಆಧಾರ ಕೇಳಿದ್ರೆ ‘ನನ್ನ ಬಾಯಿಯೇ ಆಧಾರ’ ಅಂತ ಬರೀತಾನೆ. ಪಾಪ, ಅವರಾದ್ದಕ್ಕೆ ತಡ್ಕೊಂಡಿದ್ದಾರೆ.”

“ಅಂವಾ ಯಾವನೋ ಹುಚ್ಚ ಇರಬೇಕ್ರಿ,” ಎಂದೆ.

“ಹುಚ್ಚನೇ. ನಿಮ್ಮೂರಲ್ಲಿ ಕೃಷ್ಣಮೃಗಕ್ಕೆ ಏನು ಹೇಳುವುದು?”

ದೇವರು ಇಂಥ ಗಳಿಗೆಯನ್ನು ಎಲ್ಲರಿಗೂ ಕೊಡುವುದಿಲ್ಲ. ಬೆಲ್ಲ ಚೀಪುತ್ತ, ಗಂಭೀರವಾಗಿ ಹೇಳಿದೆ: “ಚಿಗರಿ ಅಲ್ರೀ ಸರ. ಚಿಗಳಿ. ನಮ್ಮ ಹೊಲದಾಗ ಚಿಗಳಿ ಹಿಂಡಹಿಂಡ ಬರ್ತಾವ.”

ಆತ ಪೆನ್ನು ತೆಗೆದು ಬರೆದುಕೊಂಡ. ಚಿಗಳಿ ಅಂದರೆ ನಾವು ನಾಗರ ಪಂಚಮಿಗೆ ಎಳ್ಳು ಬೆಲ್ಲ ಕುಟ್ಟಿ ಕಟ್ಟುವ ಉಂಡೆ. ಸಮುದ್ರದ ದಂಡೆಯವನಿಗೆ ಅದೇನು ಗೊತ್ತು! ಬಸ್ಸಿನಲ್ಲಿ ಒಬ್ಬನೇ ನಗುತ್ತ ಬಂದೆ. ಮರುದಿನ ನನ್ನ ಹೆಂಡತಿ ಕೆಂಪು ಪೆನ್ನಿನಂಥ ಮಾತಿನಲ್ಲಿ ಅವನನ್ನು ಗೀರಿಹಾಕುವುದನ್ನು ಓದಬೇಕು ಎಂಬುದೇ ಆಸೆ.

ಮಧ್ಯಾಹ್ನ ನನ್ನ ಪಾಳಿ ಬಂದಾಗ ತೆರೆದು ನೋಡಿದೆ. ಅವನ ಸೂಚನೆ: ‘ಕೃಷ್ಣಮೃಗಕ್ಕೆ ಈ ಭಾಗದಲ್ಲಿ ಚಿಗಳಿ ಎನ್ನುತ್ತಾರೆ. ಚಿಗಳಿಗಳು ಬಯಲಿನಲ್ಲಿ ಹಿಂಡುಗಟ್ಟಿ ಓಡುತ್ತವೆ. ಆಧಾರ: ಕುಪ್ಪೇಲೂರಿನ ಹಿರಿಯರೊಬ್ಬರ ಹೇಳಿಕೆ.’ ಅದರ ಕೆಳಗೆ, ಅವನ ಪೂರ್ತಿ ಹೆಸರಿನ ಜೊತೆ: ‘ಒಪ್ಪಿದೆ. ಆಧಾರ ಹೀಗಿರಬೇಕು.’

ಎರಡು ಸಲ ಓದಿದೆ. ನನ್ನ ಸಾಲಿನಲ್ಲಿ ಒತ್ತಕ್ಷರವೊಂದು ಜರುಗಿದರೂ ಹಿಡಿಯುವ ಕಣ್ಣು, ಅವನ ಸಾಲಿನಲ್ಲಿ ಎಳ್ಳುಂಡೆಗಳನ್ನು ಬಯಲಿನಲ್ಲಿ ಓಡಲು ಬಿಟ್ಟಿತ್ತು! ಅವನು ಬರೆದದ್ದೆಂದರೆ ಸರಿಯೇ ಇರುತ್ತದೆ ಎಂದು ಚಿಗರಿ ಎಂದೇ ಓದಿಕೊಂಡಿದ್ದಳು. ಇನ್ನು ಆ ಹಿರಿಯರು! ಮನೆಯಲ್ಲಿ ಕೂತು ಹೇಳಿದರೆ ನನ್ನ ಬಾಯಿ ಆಧಾರವಲ್ಲ, ಬ್ಯಾಡಗಿಗೆ ಹೋಗಿ ಅವನ ಮುಂದೆ ತೆರೆದರೆ ಅದೇ ಬಾಯಿ ಆಧಾರ. ಹೊಟ್ಟೆಕಿಚ್ಚು ಪಡಲು ಜಗತ್ತಿನಲ್ಲಿ ಯಾರೂ ಉಳಿಯದೆ ಕಡೆಗೆ ನಾನು ನನ್ನ ಮೇಲೆಯೇ ಪಟ್ಟೆ.

ಒಂದು ದಿನ ಸುಮ್ಮನೆ ಇದ್ದು ಸುಖಪಟ್ಟೆ. ಸಿ.ಡಿ. ಹೋಗಲಿ, ಜಿಲ್ಲೆಯ ಮಕ್ಕಳೆಲ್ಲ ಓದಲಿ, ಬ್ಯಾಡಗಿಯ ಕರಿ ಕೂದಲಿನವನನ್ನು ನೋಡಿ ಕಿಸಕ್ಕೆನ್ನಲಿ. ಮರುದಿನ ಮತ್ತೆ ಪುಟ ತೆರೆದಾಗ ಅವನ ಹೆಸರಿಗಿಂತ ಅದರ ಕೆಳಗಿನ ಹೆಸರು ಕಣ್ಣಿಗೆ ಬಿತ್ತು. ಒಪ್ಪಿದವಳು ನನ್ನಾಕೆ. ಮಕ್ಕಳು ನಗುವುದು ಆಕೆಯನ್ನೂ ನೋಡಿ. ಶಾಲೆ ಶುರುವಾಗುವ ದಿನ ಹತ್ತಿರ ಬಂದಿತ್ತು. ಬಾಯಿಬಿಟ್ಟು ಹೇಳೋಣವೆಂದರೆ ಅಡಿಗೆಮನೆಯ ಕಟ್ಟು. ಸೂಚನೆ ಬರೆಯೋಣವೆಂದರೆ ‘ಆಧಾರ ಕೊಡಿ’ ಎನ್ನುತ್ತಾಳೆ.

ಆಕೆ ಸಂತೆಗೆ ಹೋದಾಗ ಒರಳಿನಲ್ಲಿ ಎಳ್ಳು ಬೆಲ್ಲ ಹಾಕಿ ನಾನೇ ಕುಟ್ಟಿದೆ. ನನ್ನ ಕೈಯ ಚಿಗಳಿ ತಿಂದವರು ಮರೆಯುವುದಿಲ್ಲ, ಹಲ್ಲು ಗಟ್ಟಿ ಇದ್ದವರಿಗೆ ಮಾತ್ರ ಹೇಳುತ್ತಿದ್ದೇನೆ. ಒಂದೊಂದು ಉಂಡೆಗೂ ಎರಡೆರಡು ಲವಂಗ ಚುಚ್ಚಿ ಕೊಂಬು ಮಾಡಿದೆ. ಮರುದಿನ ಮುಂಜಾನೆ, ಆಕೆಯ ಪಾಳಿಗೆ ಮುಂಚೆ, ಕೀಬೋರ್ಡಿನ ಮೇಲೆ ಹಿಂಡು ನಿಲ್ಲಿಸಿ ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತೆ.

“ಏನ್ರೀ ಇದು? ಪಂಚಮಿ ಇನ್ನೂ ಎಲ್ಲೈತಿ, ಚಿಗಳಿ ಯಾರು ಮಾಡ್ಯಾರ?”

“ಬಯಲಾಗಿಂದ ಓಡಿ ಬಂದಾವ. ಮೇಯ್ಲಿ ಬಿಡು.”

ಆಮೇಲೆ ತಂತಿ ಕೀಚುಗುಟ್ಟಿತು, ಪುಟ ತೆರೆಯಿತು. ಆಕೆಯ ಕಿವಿ ಕೆಂಪಾದದ್ದು ಪಡಸಾಲೆಗೇ ಕಾಣುತ್ತಿತ್ತು. ನಾನು ಗೆದ್ದೆ ಎಂದು ಪೇಪರಿನ ಹಿಂದೆ ಮೀಸೆ ತಿರುವಿದೆ.

“ಕುಪ್ಪೇಲೂರಿನ ಹಿರಿಯರು ಯಾರಂತ ಈಗ ತಿಳೀತು,” ಎಂದಳು.

“ಯಾರಂತ?”

“ಆ ಊರಾಗ ಹುಟ್ಟಿ, ಹುಟ್ಟಿದಾಗಿಂದ ಖರೆ ಹೇಳದವ್ರು ಒಬ್ಬರ ಅದಾರ. ಬ್ಯಾಡಗಿಗೆ ಯಾಕ ಹೋಗಿದ್ರಿ?”

“ಹೇಳಿದ್ನಲ್ಲ, ಮೆಣಸಿನಕಾಯಿ ತರಾಕ.”

“ಎಲ್ಲಿ ಅವ? ಚೀಲದಾಗ ಏನೂ ಇರಲಿಲ್ಲ.”

“ಹೊಟ್ಟ್ಯಾಗ ಅದಾವ,” ಎಂದೆ. ಅಂದಮೇಲೆ ತಡೆಯಲಾಗಲಿಲ್ಲ. “ದಿನಾ ಮುಂಜಾನೆ ಎದ್ದು ಅವನ ಹೆಸರು ಬರೀತಿ. ಅಡ್ಡಹೆಸರ ಸುದ್ದಾ ಬಿಡೂದಿಲ್ಲ. ನನ್ನ ಹೆಸರು ಬರ್ದ್ರ ಕೈ ಸವೀತಾವೇನು?”

ಆಕೆ ಕುರ್ಚಿ ತಿರುಗಿಸಿ ನನ್ನನ್ನು ನೋಡಿದಳು.

“ಅಲ್ರೀ, ಅವರೇನು ನನ್ನ ಗಂಡ ಏನ್ರಿ, ಹೆಸರು ಬರಿಯದ ಇರಾಕ?”

ನಾನು ಪೇಪರನ್ನು ತಿರುವುಮುರುವು ಹಿಡಿದಿದ್ದೆ ಎಂದು ಆಮೇಲೆ ಗೊತ್ತಾಯಿತು.

ಆಕೆ ಒಂದು ಚಿಗಳಿಯ ಕೊಂಬು ಕಿತ್ತು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಕಟಕಟ ಎಂದು ಟೈಪು ಮಾಡಿದಳು. ಪಾಳಿ ನನ್ನದಲ್ಲದಿದ್ದರೂ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಹೋಗಿ ಕೂತೆ. ಬ್ಯಾಡಗಿಯವನ ಸಾಲು ತೆಗೆದಿದ್ದಳು, ‘ತಪ್ಪಾಗಿ ಒಪ್ಪಿದ್ದು ನಾನು’ ಎಂದು ಬರೆದಿದ್ದಳು. ನನ್ನ ಹಳೆಯ ಸೂಚನೆ ಪಾಠದೊಳಗೆ ಹೋಗಿತ್ತು. ಅದರ ಕೆಳಗೆ:

‘ಎಳ್ಳು ಬೆಲ್ಲ ಕುಟ್ಟಿದರ ಚಿಗಳಿ, ಬಯಲಾಗ ಜಿಗಿದರ ಚಿಗರಿ,
ಇಂಥವರ ಸೂಚನಾ ಒಪ್ಪೇನಿ, ಇನ್ನರ ಮೀಸಿ ತಿರುವೂದು ಬಿಡ್ರಿ.’

‘ಇಂಥವರ’ ಎಂದಿರುವಲ್ಲಿ ನನ್ನ ಹೆಸರಿತ್ತು. ಇಲ್ಲಿ ನಾನು ಬರೆಯುವುದಿಲ್ಲ. ಅದು ಆಕೆ ಬರೆದರೇ ಚಂದ. ಒಡಪು ಹೇಳಿದ ಮದುಮಗಳ ಹಾಗೆ ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಬಾಯಿಗೆ ಎಳ್ಳು ಹತ್ತಿತ್ತು, ಅದಕ್ಕೆ ಎಂದಳು.

ಅಷ್ಟರಲ್ಲಿ ಬ್ಯಾಡಗಿಯಿಂದ ಉತ್ತರ ಬಂದೇಬಿಟ್ಟಿತು. ಆತನಿಗೆ ಬೇರೆ ಕೆಲಸವೇ ಇಲ್ಲ. ‘ಮೇಡಂ, ಚಿಗರಿ ಎನ್ನುವುದಕ್ಕೆ ಈಗ ಆಧಾರ ಉಂಟಾ?’

ಆಕೆ ನನ್ನ ಕಡೆ ನೋಡಿ ನಕ್ಕು, ಟೈಪು ಮಾಡಿದಳು: ‘ಉಂಟು. ಕುಪ್ಪೇಲೂರಿನ ಹಿರಿಯರು ಇಲ್ಲೇ ಬಾಜೂಕ ಕುಂತು ಚಿಗಳಿ ತಿನ್ನಾಕತ್ತಾರ.’

ನಾನು ಓದಿದೆ. ಮತ್ತೊಮ್ಮೆ ಓದಿದೆ. ಬಾಯಲ್ಲಿದ್ದ ಚಿಗಳಿ ಕಹಿಯಾಯಿತು.

“ಅಲ್ಲಾ,” ಎಂದೆ, “ಐತಿ ಅಂತ ಬರಿಯಾಕ ಏನಾಗಿತ್ತು ನಿನಗ? ‘ಉಂಟು’ ಅಂತ ಯಾಕ ಬರ್ದಿ?”